ಕುದುರೆಗೆ ಹೇಳಿದ ಹಾಡುಗಳು

ತಿಂಗಳ ಎರಡನೆಯ ಶನಿವಾರದ ಸಂಜೆ ನಾವು ಐದಾರು ಮಂದಿ ನಮ್ಮ ನಡುಮನೆಯಲ್ಲಿ ಕಲೆತು, ಸರದಿಯ ಪ್ರಕಾರ ಒಬ್ಬರು ಆರಿಸಿ ತಂದ ಧ್ವನಿಮುದ್ರಿಕೆಯೊಂದನ್ನು ಮೊದಲಿನಿಂದ ಕಡೆಯವರೆಗೆ, ನಡುವೆ ತುಟಿಪಿಟಕ್ಕೆನ್ನದೆ, ಕೇಳುವ ಪದ್ಧತಿಯನ್ನಿಟ್ಟುಕೊಂಡಿರುವ ಸಂಗತಿ ಈ ಅಂಕಣದ ಓದುಗರಿಗೆ ಹೊಸದಲ್ಲ. ಕೊನೆಯ ಹಾಡು ನಿಂತಮೇಲಲ್ಲದೆ ಯಾರೂ ಅಭಿಪ್ರಾಯ ಹೇಳಕೂಡದೆಂಬುದೊಂದೇ ಅಲ್ಲಿಯ ಕಟ್ಟಳೆ. ಕಾಫಿ ಕೂಡ ಆಮೇಲೆಯೇ. ಈ ಸಲದ ಸರದಿ ನನ್ನದಾಗಿತ್ತು. ಬಹುಕಾಲದಿಂದ ನಾನೊಬ್ಬನೇ ಕೇಳಿಕೊಂಡು, ಹಂಚಿಕೊಂಡರೆ ಎಲ್ಲಿ ಸವೆದುಹೋದೀತೋ ಎಂಬ ಜಿಪುಣತನದಿಂದ ಬಚ್ಚಿಟ್ಟುಕೊಂಡಿದ್ದ ಒಂದು ಮುದ್ರಿಕೆಯನ್ನು ಅಂದು ಧೈರ್ಯಮಾಡಿ ಹೊರತೆಗೆದೆ: ವಷ್ಟಿ ಬನಿಯನ್ ಎಂಬ ಇಂಗ್ಲಿಷ್ ಗಾಯಕಿಯ ‘ಜಸ್ಟ್ ಅನದರ್ ಡೈಮಂಡ್ ಡೇ’. 1969ರ ಕೊನೆಯಲ್ಲಿ ಹಾಡಿದ್ದು, 1970ರ ಡಿಸೆಂಬರಿನಲ್ಲಿ ಅಂಗಡಿಗೆ ಬಂದದ್ದು, ಹದಿನಾಲ್ಕು ಹಾಡುಗಳು, ಎಲ್ಲ ಕೂಡಿದರೂ ಅರ್ಧ ಗಂಟೆಗಿಂತ ಹೆಚ್ಚೇನೂ ಇಲ್ಲ.

ಮುದ್ರಿಕೆ ನಿಂತಾಗ ಎರಡು ನಿಮಿಷ ಯಾರೂ ಮಾತನಾಡಲಿಲ್ಲ. ಅನಂತರ, ಕರ್ನಾಟಕ ಸಂಗೀತದಲ್ಲಿ ಆಳವಾದ ಪರಿಶ್ರಮವುಳ್ಳ ಗೆಳೆಯರೊಬ್ಬರು, ಶ್ರುತಿ ಶುದ್ಧವಾಗಿದೆಯೆಂಬುದನ್ನು ಒಪ್ಪಿಕೊಂಡು, ಆದರೆ ಈ ಕಂಠಕ್ಕೆ ಸಾಧನೆಯ ಬಲವಿಲ್ಲ, ಮೂರನೆಯ ಸಾಲಿಗೂ ಮುಟ್ಟದು ಎಂದರು. ಮತ್ತೊಬ್ಬರು ಇವೆಲ್ಲ ಶಿಶುಗೀತೆಗಳಲ್ಲವೆ ಎಂದರು. ಊರಿನಿಂದ ಬಂದು ನಾಲ್ಕು ದಿನ ಉಳಿದಿದ್ದ ನನ್ನ ಸೋದರತ್ತೆ, ಹುರುಳಿಕಾಯಿಯ ನಾರು ತೆಗೆಯುತ್ತ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತಿದ್ದವರು, ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದವರು, ನಮ್ಮ ವಾದವನ್ನು ಅಷ್ಟು ಹೊತ್ತು ಕೇಳಿಸಿಕೊಂಡು ಕಡೆಗೆ ಹೇಳಿದರು: “ಅಲ್ಲ ಕಣೋ, ಆ ಹುಡುಗಿ ನಿಮಗೆ ಅಂತ ಹಾಡಿದ್ರೆ ತಾನೆ ನೀವು ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋದು? ಅವಳು ಏನೋ ಕೆಲಸ ಮಾಡ್ಕೊಂಡು ತನ್ನ ಪಾಡಿಗೆ ಗುನುಗ್ತಾ ಇದಾಳೆ. ನೀವು ಕಿಟಕಿ ಹತ್ರ ನಿಂತು ಕೇಳಿಸ್ಕೊಂಡಿದೀರಿ, ಅಷ್ಟೆ.”

ಇಪ್ಪತ್ತು ವರುಷ ಈ ಮುದ್ರಿಕೆಯನ್ನು ಕೇಳಿದ ನಾನು ಹೇಳಲಾರದೆ ಹೋದದ್ದನ್ನು ಅತ್ತೆ ಒಂದೇ ಸಲ ಕೇಳಿ, ಅದೂ ಹುರುಳಿಕಾಯಿಯ ಕಡೆಗೆ ಕಣ್ಣಿಟ್ಟು, ಹೇಳಿಬಿಟ್ಟರು. ಈ ವಾರದ ಬರೆಹವೆಲ್ಲ ಆ ಮಾತಿಗೆ ಬರೆದ ಟೀಕೆಯೆಂದು ತಿಳಿದರೂ ನನಗೆ ಅಸಮಾಧಾನವಿಲ್ಲ.

ಹೆಸರಿನಿಂದಲೇ ಆರಂಭಿಸೋಣ. ಬೈಬಲ್ಲಿನ ಎಸ್ತೇರಳ ಗ್ರಂಥದ ಮೊದಲಲ್ಲೇ ವಷ್ಟಿ ಎಂಬ ರಾಣಿಯೊಬ್ಬಳು ಬರುತ್ತಾಳೆ. ಔತಣದಲ್ಲಿ ಮದವೇರಿದ ಪಾರಸಿಕ ಚಕ್ರವರ್ತಿಯು ತನ್ನ ಮಡದಿಯ ಸೌಂದರ್ಯವನ್ನು ನೆರೆದ ಸಭೆಗೆಲ್ಲ ತೋರಿಸಬೇಕೆಂದು ಕರೆಕಳುಹಿಸಿದಾಗ, ಬಾರೆನೆಂದು ಹೇಳಿ ಪಟ್ಟವನ್ನೇ ಕಳೆದುಕೊಂಡವಳು ಆಕೆ. ಇನ್ನು ಮನೆತನದ ಹೆಸರೋ, ಬಹು ಹಿಂದೆಯೇ ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೂ ಬಂದ ಆ ಪ್ರಸಿದ್ಧ ಗ್ರಂಥದ ಕರ್ತೃ ಜಾನ್ ಬನಿಯನ್ನನದು. ರಕ್ತಸಂಬಂಧದ ಮಾತು ನನಗೆ ಬೇಡ. ಸಭೆಗೆ ಬಾರೆನೆಂದ ರಾಣಿಯ ಹೆಸರನ್ನೂ ಯಾತ್ರಿಕನ ಕಥೆ ಬರೆದವನ ಹೆಸರನ್ನೂ ಒಟ್ಟಿಗೆ ಹೊತ್ತ ಹುಡುಗಿಯೊಬ್ಬಳು ಮುಂದೆ ಯಾತ್ರೆಗೆ ಹೊರಟು, ಅನಂತರ ಸಭೆಯಿಂದ ಮುಖಮರೆಸಿಕೊಂಡಳೆಂಬ ಕಾಕತಾಳೀಯವನ್ನು ಕಾದಂಬರಿಕಾರನು ಬರೆದಿದ್ದರೆ ಅತಿಯಾಯಿತೆಂದು ನಾವೇ ಆಕ್ಷೇಪಿಸುತ್ತಿದ್ದೆವು.

ಹುಟ್ಟಿದ್ದು 1945ರಲ್ಲಿ, ನ್ಯೂಕಾಸಲ್ಲಿನಲ್ಲಿ, ಬೆಳೆದದ್ದು ಲಂಡನ್ನಿನಲ್ಲಿ. ಆಕ್ಸ್‌ಫರ್ಡಿನ ರಸ್ಕಿನ್ ಚಿತ್ರಕಲಾಶಾಲೆಯಲ್ಲಿ ಓದುತ್ತಿದ್ದಾಗ, ಚಿತ್ರ ಬರೆಯುವುದನ್ನು ಬಿಟ್ಟು ಹಾಡು ಕಟ್ಟುತ್ತ ಕುಳಿತಿರುವಳೆಂಬ ಕಾರಣದಿಂದ ಹೊರದೂಡಲ್ಪಟ್ಟಳು. ರೋಲಿಂಗ್ ಸ್ಟೋನ್ಸ್ ವೃಂದದ ವ್ಯವಸ್ಥಾಪಕನಾಗಿದ್ದ ಆಂಡ್ರೂ ಲೂಗ್ ಓಲ್ಡಮ್ಮನ ಕಣ್ಣಿಗೆ ಬಿದ್ದು, 1965ರಲ್ಲಿ ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ ಬರೆದ ಹಾಡೊಂದನ್ನು ದೊಡ್ಡ ವಾದ್ಯಗೋಷ್ಠಿಯೊಡನೆ ಹಾಡಿದಳು. ಮರುವರುಷ ‘ಟ್ರೈನ್ ಸಾಂಗ್’ ಎಂಬ ಮತ್ತೊಂದು. ಎರಡೂ ಮಾರಾಟವಾಗಲಿಲ್ಲ. ಇಲ್ಲೊಂದು ಮಾತನ್ನು ಗಮನಿಸತಕ್ಕದ್ದು: ಈಕೆ ಜನಪ್ರಿಯ ಗೀತೆಗಳ ಪೇಟೆಯಿಂದ ದೂರವಿರಬೇಕೆಂದು ಹೊರಟವಳಲ್ಲ, ತನ್ನ ಮೆಲುದನಿಯನ್ನು ಅದೇ ಪೇಟೆಯಲ್ಲಿ ಕೇಳಿಸಬೇಕೆಂದು ಆಸೆಪಟ್ಟು ಸೋತವಳು. ‘ಫೋಕ್’ ಗಾಯಕಿಯೆಂದು ಜನ ಕರೆದಾಗಲೆಲ್ಲ ತಾನು ಹಾಗಲ್ಲವೆಂದು ಇಂದಿಗೂ ವಿನಯದಿಂದ ತಿದ್ದುತ್ತಾಳೆ.

ಆ ಪದದ ವಿಷಯ ಬಂದದ್ದರಿಂದ ಒಂದು ಕ್ಷಣ ದಾರಿ ಬಿಟ್ಟು ನಡೆಯುತ್ತೇನೆ. ನಾವು ಜಾನಪದವೆಂದಾಗ ಕರ್ತೃವಿನ ಹೆಸರು ಅಳಿಸಿಹೋಗಿ ಊರಿನ ಸ್ವತ್ತಾದ ಪದವೆಂದು ಭಾವಿಸುತ್ತೇವೆ. ಪಶ್ಚಿಮದಲ್ಲಿ ಅರವತ್ತರ ದಶಕದಿಂದೀಚೆಗೆ ‘ಫೋಕ್’ ಎಂದರೆ, ಗಿಟಾರೊಂದನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಕಟ್ಟಿದ್ದನ್ನು ತಾನೇ ಹಾಡುವ ಒಂಟಿ ಮನುಷ್ಯನ ಹಾಡೆಂಬ ಅರ್ಥವೂ ಬೆಳೆದುಬಂದಿದೆ. ನಮ್ಮಲ್ಲಿ ಇದಕ್ಕೆ ಹತ್ತಿರದವರು ಜಾನಪದರಲ್ಲ, ತತ್ವಪದಕಾರರು. ಅವರಾದರೂ ಪದದ ಕೊನೆಗೆ ಅಂಕಿತವೊಂದನ್ನು ಇಟ್ಟು ಇದು ಇಂಥವನದು, ಇಂಥ ಗುರುವಿಗೆ ಅರ್ಪಿತವೆಂದು ಗುರುತು ಮಾಡುತ್ತಿದ್ದರು. ವಷ್ಟಿಯ ಹಾಡುಗಳಲ್ಲಿ ಅಂಕಿತವಿಲ್ಲದಿರುವುದು ಸಹಜ. ಆದರೆ ‘ನಾನು’ ಎಂಬುದು ಬಂದ ಕಡೆಗಳಲ್ಲಿಯೂ ಅದು ಮುಂದಕ್ಕೆ ಬಂದು ನಿಲ್ಲದೆ, ಮಳೆ, ಹೊಗೆ, ಹಕ್ಕಿ, ಹೊಲ ಇವುಗಳ ನಡುವೆ ಇನ್ನೊಂದು ವಸ್ತುವಾಗಿ ಒರಗಿಕೊಂಡಿರುವುದು ಸಹಜವಲ್ಲ. ಅದು ಈಕೆಯ ವೈಶಿಷ್ಟ್ಯ.

ಪೇಟೆಯಲ್ಲಿ ಸೋತ ಹುಡುಗಿ ರಾಬರ್ಟ್ ಲೂಯಿಸ್ ಎಂಬ ಕಲಾವಿದ್ಯಾರ್ಥಿಯನ್ನು ಕೂಡಿಕೊಂಡಳು. ಅವನು ತನ್ನ ಕಲಾಶಾಲೆಯ ಹಿಂದಿನ ಕಾಡಿನಲ್ಲಿ, ಒಂದು ದೊಡ್ಡ ಪೊದೆಯ ಕೆಳಗೆ ವಾಸವಾಗಿದ್ದನು. ಇವಳೂ ಅಲ್ಲಿಗೇ ಹೋಗಿ ಸೇರಿದಳು. ಆ ನೆಲವಾದರೋ ಸಾಕ್ಷಾತ್ ಬ್ಯಾಂಕ್ ಆಫ್ ಇಂಗ್ಲೆಂಡಿನದು! ಒಂದು ದೇಶದ ಖಜಾನೆಯು ಪೊದೆಯಡಿಯ ಇಬ್ಬರನ್ನು ಒಕ್ಕಲೆಬ್ಬಿಸಿದ ಪ್ರಸಂಗವನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಅವರಿಗೆ ಆಗ ಬಂದಿರಲಾರದು. ಗಾಯಕ ಡೊನೊವನ್ ಸ್ಕಾಟ್ಲೆಂಡಿನ ವಾಯವ್ಯದ ಸ್ಕೈ ದ್ವೀಪದ ಬಳಿ ನೆಲ ಕೊಂಡು, ಕಲಾವಿದರ ಪಾಳೆಯವೊಂದನ್ನು ಹೂಡಬೇಕೆಂದಿದ್ದನು. ಅಲ್ಲಿಗೆ ಹೋಗೋಣವೆಂದು ನಿಶ್ಚಯಿಸಿ, ಅವನಿಂದಲೇ ಹಣ ಪಡೆದು, ಬಂಡಿಯೊಂದನ್ನೂ ಬೆಸ್ ಎಂಬ ಹೆಣ್ಣು ಕುದುರೆಯನ್ನೂ ಕೊಂಡು, ನಾಯಿಯೊಂದನ್ನು ಜತೆಗಿಟ್ಟುಕೊಂಡು, 1968ರಲ್ಲಿ ಲಂಡನ್ನಿನಿಂದ ಹೊರಟರು.

ಸುಮಾರು ಆರುನೂರು ಮೈಲಿಯ ದಾರಿ. ಮೋಟಾರು ಒಂದು ದಿನದಲ್ಲಿ ಕ್ರಮಿಸುವ ಆ ದೂರಕ್ಕೆ ಅವರಿಗೆ, ನಡುವೆ ಚಳಿಗಾಲದ ಬೀಡೂ ಸೇರಿ, ಒಂದು ವರುಷಕ್ಕೂ ಮಿಕ್ಕ ಕಾಲ ಹಿಡಿಯಿತು. ಕುದುರೆಗೆ ಮೇವು, ಲಾಳ. ತಮಗೆ ಸೌದೆ, ನೀರು, ರಾತ್ರಿ ಬಂಡಿ ಬಿಡಲು ಯಾರೂ ಗದರಿಸದ ಒಂದು ತಾವು. ಇವುಗಳ ಚಿಂತೆಯಲ್ಲಿಯೇ ದಿನಗಳು ಸಾಗಿರಬೇಕು. ಈ ಮುದ್ರಿಕೆಯ ಹಾಡುಗಳಲ್ಲಿ ಬಹುಪಾಲು ಆ ದಾರಿಯಲ್ಲಿ ಹುಟ್ಟಿದವು. ಅವರು ಸ್ಕೈ ತಲಪುವ ಹೊತ್ತಿಗೆ ಡೊನೊವನ್ ಅಲ್ಲಿಂದ ಹೊರಟುಹೋಗಿದ್ದನು. ಇವರು ಇನ್ನೂ ಪಶ್ಚಿಮಕ್ಕೆ, ಹೊರ ಹೆಬ್ರಿಡೀಸ್ ದ್ವೀಪಸ್ತೋಮದ ಬರ್ನರೇ ಎಂಬ ಪುಟ್ಟ ನಡುಗಡ್ಡೆಗೆ ಸರಿದರು.

ಇದನ್ನು ಕೇಳಿದ ಯಾರಿಗಾದರೂ ಇವೆಲ್ಲ ಹಳ್ಳಿಯ ಹಾಡುಗಳೆನಿಸುವುದುಂಟು. ನನ್ನ ಅಭಿಪ್ರಾಯ ಬೇರೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದವರು ಕೆಲಸದ ಪದ ಹಾಡುವಾಗ ಕೆಲಸದ ಹೆಸರನ್ನು ಎತ್ತುವುದು ಕಡಮೆ. ಬೀಸುವ ಹೆಂಗಸು ರಾಗಿಯನ್ನು ಕುರಿತು ಹಾಡುವುದಕ್ಕಿಂತ ತವರನ್ನು ಕುರಿತು, ಅಣ್ಣನನ್ನು ಕುರಿತು ಹಾಡುವುದೇ ಹೆಚ್ಚು, ಏಕೆಂದರೆ ಕೆಲಸ ಕೈಗೆ ಗೊತ್ತಿರುವುದರಿಂದ ಮನಸ್ಸು ಬೇರೆಡೆಗೆ ಹೋಗಲು ಬಿಡುವಾಗಿರುತ್ತದೆ. ವಷ್ಟಿಯಾದರೋ ಉತ್ತಿದ್ದನ್ನೂ ಬಿತ್ತಿದ್ದನ್ನೂ ಬೆಂಕಿ ಹೊತ್ತಿಸಿದ್ದನ್ನೂ ಒಂದೊಂದಾಗಿ ಹೆಸರಿಟ್ಟು ಎಣಿಸುತ್ತಾಳೆ. ಮಗ್ಗಿ ಕಲಿಯುವ ಮಗು ಬಾಯಿಬಿಟ್ಟು ಹೇಳಿಕೊಳ್ಳುವಂತೆ, ಹೊಸದಾಗಿ ಕಲಿತ ಬದುಕನ್ನು ಮರೆಯದಿರಲೆಂದು ತನಗೆ ತಾನೇ ಒಪ್ಪಿಸಿಕೊಳ್ಳುತ್ತಾಳೆ. ಪಟ್ಟಣದ ಹುಡುಗಿಯೊಬ್ಬಳು ಕೊರೆಯುವ ಚಳಿಯಲ್ಲಿ, ತಾನಿನ್ನೂ ಕಾಣದ ಮನೆಯನ್ನೂ ಅದರ ಕಿಟಕಿಯನ್ನೂ ಕಿಟಕಿಯಾಚೆಯ ಕೊಲ್ಲಿಯನ್ನೂ ಹಾಡಿನಲ್ಲಿ ಮೊದಲೇ ಕಟ್ಟಿಕೊಳ್ಳುವ ಪ್ರಯತ್ನವೆಂದು ತಿಳಿದಾಗ, ಆ ಹಾಡುಗಳ ಮಾಧುರ್ಯದ ಹಿಂದೆ ಹಲ್ಲುಕಚ್ಚಿದ ಹಟವೊಂದು ಕೇಳಿಸತೊಡಗುತ್ತದೆ. ಶಿಶುಗೀತೆಯೆಂದ ಗೆಳೆಯರಿಗೆ ನಾನು ಅಂದು ಕೊಡಲಾರದೆ ಇಂದು ಬರೆಯುತ್ತಿರುವ ಉತ್ತರ ಇದು.

‘ಜಾಗ್ ಅಲಾಂಗ್ ಬೆಸ್’ ಎಂಬ ಹಾಡು ನೇರವಾಗಿ ಕುದುರೆಗೇ ಹೇಳಿದ್ದು. ಅದರ ಲಯ ನಡಿಗೆಯ ಲಯ. ಏರಿನಲ್ಲಿ ಬಂಡಿ ಎಳೆಯುವ ಪ್ರಾಣಿಯನ್ನು ಗದರಿಸದೆ, ಹೊಡೆಯದೆ, ಮಾತಿನಿಂದಲೇ ಮುಂದಕ್ಕೆ ನಡೆಸುವ ದನಿ ಅದು. ಕುದುರೆಗೆ ಕೇಳಿಸಲು ಎಷ್ಟು ದನಿ ಬೇಕೋ ಅಷ್ಟೇ ಬಳಸಿದ್ದಾಳೆ. ಎತ್ತಿನ ಬೆನ್ನು ಸವರಿ ಮಾತನಾಡಿಸುವ ರೈತನನ್ನು ಕಂಡವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಈ ಹಾಡನ್ನು ಕೀಲಿಕೈಯೆಂದು ಹಿಡಿದರೆ ಉಳಿದ ಹದಿಮೂರೂ ತೆರೆದುಕೊಳ್ಳುತ್ತವೆ: ಒಂದು ಹಕ್ಕಿಗೆ, ಒಂದು ಮಿಣುಕುಹುಳಕ್ಕೆ, ಒಂದು ಮಳೆಗಾಳಿಗೆ, ಒಂದು ಪಕ್ಕದಲ್ಲಿ ಮಲಗಿದ ಸಂಗಾತಿಗೆ. ಸಭೆಯನ್ನು ಉದ್ದೇಶಿಸಿದ್ದು ಒಂದೂ ಇಲ್ಲ.

ಹೀಗೆ ಯಾರಿಗೂ ಅಲ್ಲವೆಂದು ಕಟ್ಟಿದ ಹಾಡುಗಳು ಮುದ್ರಿಕೆಗೆ ಬಂದದ್ದು ನಿರ್ಮಾಪಕ ಜೋ ಬಾಯ್ಡನ ಮೂಲಕ. ಫೇರ್‌ಪೋರ್ಟ್ ಕನ್ವೆನ್ಷನ್, ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್, ನಿಕ್ ಡ್ರೇಕ್ ಮೊದಲಾದವರ ಕೃತಿಗಳನ್ನು ಹೊರತಂದ ಈತ, ಲಂಡನ್ನಿನ ಚೆಲ್ಸೀ ಭಾಗದಲ್ಲಿ ಹಿಂದೆ ಹಾಲಿನ ಡೇರಿಯಾಗಿದ್ದ ಕಟ್ಟಡವೊಂದರಲ್ಲಿ ನಡೆಯುತ್ತಿದ್ದ ‘ಸೌಂಡ್ ಟೆಕ್ನೀಕ್ಸ್’ ಸ್ಟುಡಿಯೋಕ್ಕೆ ಅವಳನ್ನು ಕರೆತಂದನು. ಫೇರ್‌ಪೋರ್ಟಿನ ಡೇವ್ ಸ್ವಾರ್‌ಬ್ರಿಕ್ ಪಿಟೀಲನ್ನೂ ಮ್ಯಾಂಡೊಲಿನನ್ನೂ, ಸೈಮನ್ ನಿಕೋಲ್ ಬ್ಯಾಂಜೋವನ್ನೂ, ರಾಬಿನ್ ವಿಲಿಯಮ್ಸನ್ ಪಿಟೀಲು ಮತ್ತು ಐರಿಷ್ ಹಾರ್ಪನ್ನೂ ನುಡಿಸಿದರು. ನಿಕ್ ಡ್ರೇಕನಿಗೆ ತಂತಿವಾದ್ಯಗಳ ಸಂಯೋಜನೆ ಮಾಡಿಕೊಟ್ಟಿದ್ದ ರಾಬರ್ಟ್ ಕರ್ಬಿ ಇಲ್ಲಿ ಮೂರು ಹಾಡುಗಳಿಗೆ ತಂತಿಗಳನ್ನೂ, ರೆಕಾರ್ಡರ್ ಎಂಬ ಮರದ ಕೊಳಲುಗಳನ್ನೂ ಹೊಂದಿಸಿದನು. ಮೊದಲ ಹಾಡಿನಲ್ಲಿ ಆ ಕೊಳಲುಗಳು ಕಂಠಕ್ಕೆ ಎದುರಾಗಿ ನಿಲ್ಲದೆ, ಮುಂಜಾನೆ ಕಿಟಕಿಯ ಬಾಗಿಲು ತೆರೆದಂತೆ ಪಕ್ಕಕ್ಕೆ ಸರಿದುಕೊಳ್ಳುವ ಬಗೆಯನ್ನು ಕೇಳಿಯೇ ಅರಿಯಬೇಕು.

ಆದರೂ ವಿಮರ್ಶಕನ ಕರ್ತವ್ಯವನ್ನು ಅಭಿಮಾನಕ್ಕಾಗಿ ಬಿಡಲಾರೆ. ಎಲ್ಲ ಹಾಡುಗಳೂ ಒಂದೇ ತೂಕದವಲ್ಲ. ‘ಟಿಮತಿ ಗ್ರಬ್’ ಎಂಬುದರಲ್ಲಿ ಮುಗ್ಧತೆಯು ಮುಗ್ಧತೆಯ ನಟನೆಯಾಗಿಬಿಡುವ ಅಪಾಯವುಂಟು. ‘ಲಿಲಿ ಪಾಂಡ್’ ಸಕ್ಕರೆಯ ಪಾಕ ಒಂದೆಳೆ ಮೀರಿದ್ದು. ಹೊದಿಕೆಯ ಚಿತ್ರವೂ, ಹಳ್ಳಿಮನೆಯ ಮುಂದೆ ತಲೆಗೆ ವಸ್ತ್ರ ಕಟ್ಟಿ ನಿಂತ ತರುಣಿ, ಅವಳ ಸುತ್ತ ಬಣ್ಣಬಣ್ಣದ ಸಾಕುಪ್ರಾಣಿಗಳು, ಇದು ಮಕ್ಕಳ ತಟ್ಟೆಯೆಂಬ ಭ್ರಮೆಯನ್ನು ಬಲಪಡಿಸಿರಬೇಕು. ಇವನ್ನೆಲ್ಲ ಕಳೆದ ಮೇಲೂ ‘ರೋಸ್ ಹಿಪ್ ನವೆಂಬರ್’, ‘ಸ್ವಾಲೋ ಸಾಂಗ್’, ‘ರೇನ್‌ಬೋ ರಿವರ್’ ಉಳಿಯುತ್ತವೆ. ಅವುಗಳಲ್ಲಿ ಸ್ವರಸಂಚಾರ ಬಹು ಸಣ್ಣ ಆವರಣದೊಳಗೆ, ಅಂಗಳದೊಳಗೇ ಆಡುವ ಮಗುವಿನಂತೆ, ನಡೆಯುತ್ತದೆ. ಚರಣದ ಕೊನೆಗೆ ಬಂದಾಗ ಮಾತ್ರ ಒಂದು ಮೆಟ್ಟಲು ಇಳಿದು, ಇಳಿದ ತಾವಿನಿಂದಲೇ ಮರಳಿ ಮೊದಲಾಗುತ್ತದೆ. ಮೂರನೆಯ ಸಾಲಿಗೆ ಮುಟ್ಟದ ಕಂಠವೆಂಬ ಆಕ್ಷೇಪಣೆ ನಿಜವೇ. ಆದರೆ ಉಸಿರು ತೆಗೆದುಕೊಂಡದ್ದೂ ಕೇಳಿಸುವಷ್ಟು ಸಮೀಪದಲ್ಲಿ ಹಾಡಿದ ದನಿಯನ್ನು ಮೂರನೆಯ ಸಾಲಿನಲ್ಲಿ ಕುಳಿತು ಕೇಳಬೇಕೆಂದು ನಮಗೆ ಹೇಳಿದವರು ಯಾರು?

ಫಿಲಿಪ್ಸ್ ಕಂಪೆನಿ ಹೊರತಂದ ತಟ್ಟೆಗಳಲ್ಲಿ ಕೆಲವೇ ನೂರು ಮಾರಾಟವಾದವೆಂದು ಹೇಳುತ್ತಾರೆ. ಮುದ್ರಣಕ್ಕೂ ಬಿಡುಗಡೆಗೂ ನಡುವೆ ಒಂದು ವರುಷವೇ ಕಳೆದಿತ್ತು. ಅಷ್ಟರಲ್ಲಿ ಅವಳ ಮಡಿಲಲ್ಲಿ ಕೂಸಿತ್ತು. ತಟ್ಟೆ ಸದ್ದಿಲ್ಲದೆ ಮುಳುಗಿತು. ವಷ್ಟಿ ಗಿಟಾರನ್ನು ಮೂಲೆಗಿಟ್ಟು, ಸ್ಕಾಟ್ಲೆಂಡ್, ಐರ್ಲೆಂಡುಗಳಲ್ಲಿ ಮಕ್ಕಳನ್ನೂ ಪ್ರಾಣಿಗಳನ್ನೂ ಸಾಕುತ್ತ ಮೂವತ್ತು ವರುಷ ಹಾಡಿನ ಸುದ್ದಿಗೇ ಹೋಗಲಿಲ್ಲ.

ಇಲ್ಲಿಂದ ಮುಂದಿನದು ಗಾಯಕಿಯ ಕಥೆಯಲ್ಲ, ಕೇಳುಗರ ಕಥೆ. ಕಾಲವು ಅನಂತ, ಭೂಮಿಯು ವಿಶಾಲ, ಎಂದಾದರೊಮ್ಮೆ ನನ್ನ ಸಮಾನಧರ್ಮನು ಹುಟ್ಟಿಯಾನು ಎಂದು ಭವಭೂತಿ ಧೈರ್ಯ ತಾಳಿದ ಪ್ರಸಂಗವನ್ನು ನಮ್ಮ ಪಂಡಿತರು ಇಂಥ ಕಡೆ ತಪ್ಪದೆ ಎತ್ತುತ್ತಾರೆ; ನಾನೂ ಎತ್ತುತ್ತೇನೆ, ಆದರೆ ಭೇದವನ್ನು ತೋರಿಸುವುದಕ್ಕೆ. ಭವಭೂತಿಯದು ಗರ್ವದ ನಿರೀಕ್ಷೆ. ಈಕೆ ಯಾರನ್ನೂ ನಿರೀಕ್ಷಿಸಲಿಲ್ಲ. ಬಾಗಿಲು ಹಾಕಿ ಅಗುಳಿಯಿಟ್ಟು ಒಳಗೆ ಹೋದಳು. ಸಮಾನಧರ್ಮರೇ ಹುಡುಕಿಕೊಂಡು ಬಂದು ಬಾಗಿಲು ತಟ್ಟಿದರು. ಹಳೆಯ ತಟ್ಟೆಗಳ ಅಂಗಡಿಯಲ್ಲಿ ಆ ವಿಚಿತ್ರ ಹೊದಿಕೆಯನ್ನು ಕಂಡು ಕುತೂಹಲದಿಂದ ಕೊಂಡವನು ಗೆಳೆಯನಿಗೆ ಕ್ಯಾಸೆಟ್ಟು ಮಾಡಿಕೊಟ್ಟನು, ಅವನು ಇನ್ನೊಬ್ಬನಿಗೆ, ಹೀಗೆ ಕೈಯಿಂದ ಕೈಗೆ ದಾಟುತ್ತ, ಸಂಗ್ರಾಹಕರ ಪೇಟೆಯಲ್ಲಿ ಮೂಲ ತಟ್ಟೆಯ ಬೆಲೆ ನೂರಾರು ಪೌಂಡುಗಳಿಗೂ ಮುಂದೆ ಸಾವಿರಕ್ಕೂ ಏರಿತು. ತೊಂಬತ್ತರ ದಶಕದ ಕೊನೆಯಲ್ಲಿ ಮನೆಗೆ ಕಂಪ್ಯೂಟರ್ ತಂದು ತನ್ನ ಹೆಸರನ್ನು ಹುಡುಕಿದಾಗಲಷ್ಟೇ ವಷ್ಟಿಗೆ ಈ ಸುದ್ದಿ ತಿಳಿದದ್ದು. 2000ದಲ್ಲಿ ಸ್ಪಿನ್ನಿ ಎಂಬ ಪುಟ್ಟ ಸ್ವತಂತ್ರ ಸಂಸ್ಥೆ ಅದನ್ನು ಸಿ.ಡಿ.ಯಾಗಿ ಹೊರತಂದಿತು. ಡೆವೆಂಡ್ರಾ ಬ್ಯಾನ್‌ಹಾರ್ಟ್ ಎಂಬ ಅಮೆರಿಕದ ತರುಣ ಗಾಯಕನು ತಾನು ಹಾಡುವುದನ್ನು ಮುಂದುವರಿಸಬಹುದೇ ಎಂದು, ಗುರುವಿನ ಅಪ್ಪಣೆ ಬೇಡುವ ಶಿಷ್ಯನ ಹಾಗೆ, ಆಕೆಗೆ ಕಾಗದ ಬರೆದನು. 2004ರ ಅವನ ಮುದ್ರಿಕೆಯಲ್ಲಿ ಅವಳೂ ದನಿಗೂಡಿಸಿದಳು. ಮರುವರುಷವೇ ಮ್ಯಾಕ್ಸ್ ರಿಕ್ಟರನ ನಿರ್ಮಾಣದಲ್ಲಿ ‘ಲುಕ್‌ಆಫ್ಟರಿಂಗ್’ ಬಂತು. ಮೊದಲ ಮುದ್ರಿಕೆಗೂ ಎರಡನೆಯದಕ್ಕೂ ನಡುವೆ 35 ವರುಷ. ಕಂಠ ಮಾತ್ರ ನಿನ್ನೆ ಸಂಜೆ ನಿಲ್ಲಿಸಿ ಇಂದು ಬೆಳಿಗ್ಗೆ ಎತ್ತಿಕೊಂಡಂತಿದೆ.

ಈ ಕಥೆ ಸೊಗಸಾಗಿದೆಯಲ್ಲವೆ? ನನಗಿರುವ ದೂರೆಂದರೆ ಅದು ಅತಿಯಾಗಿ ಸೊಗಸಾಗಿದೆಯೆಂಬುದೇ. ‘ಕಳೆದುಹೋಗಿ ಸಿಕ್ಕಿದ ನಿಧಿ’ ಎಂಬ ಪುರಾಣವನ್ನು ಕಿವಿಗೆ ಹಚ್ಚಿಕೊಂಡು ಬಂದವರು ನಿಧಿಯನ್ನು ಕೇಳುತ್ತಾರೆಯೇ ಹೊರತು ಹಾಡನ್ನು ಕೇಳುವುದಿಲ್ಲ. ಮಾರಾಟವಾಗದೆ ಹೋದದ್ದು ಒಂದು ಗುಣವಲ್ಲ. ಅದೇ ವರುಷ ಮುಳುಗಿದ ನೂರು ತಟ್ಟೆಗಳಲ್ಲಿ ತೊಂಬತ್ತು ಮುಳುಗತಕ್ಕವೇ ಆಗಿದ್ದಿರಬೇಕು. ಅಪರೂಪದ ವಸ್ತುವನ್ನು ಬಲ್ಲೆನೆಂಬ ಅಹಂಕಾರವು ರಸಿಕತೆಯ ವೇಷ ತೊಟ್ಟು ಬರುವುದನ್ನು ನಾನು ಕನ್ನಡಿಯಲ್ಲಿಯೂ ಕಂಡಿದ್ದೇನೆ. ಮುಂದೆ ಆ ಮೊದಲ ಹಾಡು ಇಂಗ್ಲೆಂಡಿನಲ್ಲಿ ಮೊಬೈಲು ಕಂಪೆನಿಯೊಂದರ ಜಾಹೀರಾತಿಗೆ ಹಿನ್ನೆಲೆಯಾದ ಸುದ್ದಿ ಕೇಳಿ, ನನ್ನ ಮನೆಯ ಹಿತ್ತಲಿಗೆ ಯಾರೋ ನುಗ್ಗಿದಂತೆ ಸಿಡಿಮಿಡಿಗೊಂಡೆ. ಹಿತ್ತಲು ನನ್ನದೆಂದು ಬರೆದುಕೊಟ್ಟವರು ಯಾರು? ಕಿಟಕಿಯ ಬಳಿ ನಿಂತು ಕದ್ದು ಕೇಳಿದವನಿಗೆ ಇನ್ನೊಬ್ಬನು ಬಂದು ನಿಂತಾಗ ಬರುವ ಕೋಪ ಅದು, ಅಷ್ಟೇ. ಆಯುಷ್ಯವಿಡೀ ಸೋಲನ್ನೇ ಕಂಡ ಮುದ್ರಿಕೆಯಿಂದ ಆಕೆಗೆ ನಾಲ್ಕು ಕಾಸು ಬಂತಲ್ಲ ಎಂದು ಸಂತೋಷಪಡುವಷ್ಟು ಬುದ್ಧಿ ಬರಲು ನನಗೆ ಕೆಲವು ತಿಂಗಳು ಬೇಕಾದವು.

ಮುಂದಿನ ತಿಂಗಳ ಕೂಟಕ್ಕೆ ಅದೇ ಗಾಯಕಿಯ ಕೊನೆಯ ಮುದ್ರಿಕೆ ‘ಹಾರ್ಟ್‌ಲೀಪ್’ ತರಬೇಕೆಂದು, ಕಂಠಕ್ಕೆ ಸಾಧನೆಯಿಲ್ಲವೆಂದ ಗೆಳೆಯರೇ ಅಪ್ಪಣೆ ಮಾಡಿದ್ದಾರೆ. ತಕರಾರನ್ನು ಪೂರ್ತಿಮಾಡಲು ಸಾಕ್ಷ್ಯ ಸಾಲದಂತೆ. ಅದು ಬಂದದ್ದು 2014ರಲ್ಲಿ. ಈ ಸಲ ನಿರ್ಮಾಪಕನನ್ನು ಕರೆಯದೆ, ಎಡಿನ್‌ಬರೋದ ತನ್ನ ಮನೆಯ ಕೋಣೆಯಲ್ಲಿ, ಬಹುಪಾಲು ತಾನೊಬ್ಬಳೇ ಕುಳಿತು, ಏಳು ವರುಷ ಹಿಡಿದು ಆಕೆ ಅದನ್ನು ಕಟ್ಟಿದಳು. ಹೊದಿಕೆಯ ಚಿತ್ರ ಮಗಳು ಬರೆದದ್ದು. ಸ್ವರಲಿಪಿ ಓದಲಾಗಲಿ ಬರೆಯಲಾಗಲಿ ಆಕೆಗೆ ಬಾರದು. ಪಿಯಾನೋವನ್ನು ಎರಡು ಕೈಗಳಿಂದ ಒಟ್ಟಿಗೆ ನುಡಿಸಲೂ ಬಾರದು. ಆದ್ದರಿಂದ ಎಪ್ಪತ್ತರ ಸಮೀಪದ ಆ ಹೆಂಗಸು ಬಲಗೈಯದನ್ನು ಒಂದು ಸಲ, ಎಡಗೈಯದನ್ನು ಇನ್ನೊಂದು ಸಲ ನುಡಿಸಿ, ಆಮೇಲೆ ಎರಡನ್ನೂ ಕಂಪ್ಯೂಟರಿನಲ್ಲಿ ಕೂಡಿಸಿಕೊಂಡಳು. ಇದನ್ನು ಅತ್ತೆಗೆ ಹೇಳಿದಾಗ, ಅವರು ಬಿಡಿಸಿದ ಕಾಯಿಯನ್ನು ಒಂದು ಕಡೆಗೂ ನಾರನ್ನು ಇನ್ನೊಂದು ಕಡೆಗೂ ಸರಿಸಿ, ಮೊರವನ್ನೆತ್ತಿಕೊಂಡು, “ಬಾರದೆ ಇದ್ರೆ ಹಾಗೇ ಅಲ್ವೇನೋ ಮಾಡೋದು” ಎಂದು ಒಳಗೆ ಹೋದರು.